ಕಾದ ತಂತಿಯ ತಾಕತ್ತು

ತುರ್ಭೆ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಎಪಿಎಂಸಿಯ ಈರುಳ್ಳಿ, ಬಟಾಟೆ, ಮಸಾಲೆಯ ಘಾಟು. ಅದೇ ತುರ್ಭೆಯಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದ ವಾಶಿ ಸಂಕೀರ್ಣವೂ ಇದೆ. ಅಲ್ಲಿಯ ಪೌಡರ್ ಮೆಟಲರ್ಜಿ ವಿಭಾಗ ನಯೋಬಿಯಂ, ಟ್ಯಾಂಟಲಂನಂಥ ಲೋಹಗಳ ಮೇಲೆ ಕೆಲಸ ಮಾಡಿದೆ. ಸುಲಭಕ್ಕೆ ಕರಗದ ಈ ಬಳಗದ ಹಿರಿಯಣ್ಣ ಟಂಗ್‌ಸ್ಟನ್. ಕಬ್ಬಿಣ 1538 ಡಿಗ್ರಿ ಸೆಲ್ಸಿಯಸ್‌ಗೆ ಕರಗಿದರೆ ಟಂಗ್‌ಸ್ಟನ್‌ಗೆ 3422 ಡಿಗ್ರಿ ಬೇಕು.

ಹಾಗಾದರೆ ಫರ್ನೇಸಿಗೆ ತಂತಿ ತರುವಾಗ ಕರಗುವ ಡಿಗ್ರಿ ನೋಡಿದರೆ ಸಾಕಲ್ಲವೇ? ಎಂಐಡಿಸಿ ಕಡೆ ಈ ಮಾತನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಸಾಲದು. ಕರಗದೆ ಇರುವುದು ಬೇರೆ, ಕಾದಾಗ ಜೋತು ಬೀಳದೆ ನಿಲ್ಲುವುದು ಬೇರೆ.

ನಮ್ಮ ಹಳೆಯ ಹಳದಿ ಬಲ್ಬನ್ನೇ ತೆಗೆದುಕೊಳ್ಳಿ. 1936ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮೈಸೂರ್ ಲ್ಯಾಂಪ್ಸ್‌ನ ಬಲ್ಬುಗಳ ಬೆಳಕಿನಲ್ಲಿ ಓದಿದವರು ನಮ್ಮಲ್ಲಿ ಅನೇಕರಿದ್ದೀರಿ. ಇಂಥ ಬಲ್ಬಿನೊಳಗಿನ ಕೂದಲೆಳೆಯ ಸುರುಳಿ ಸುಮಾರು 2500 ಡಿಗ್ರಿಯಲ್ಲಿ, ಸಾವಿರ ಗಂಟೆಯಷ್ಟು ಕಾಲ ತನ್ನ ಭಾರ ತಾನೇ ಹೊತ್ತು ನಿಲ್ಲಬೇಕು.

ಟಂಗ್‌ಸ್ಟನ್ ಪುಡಿಯನ್ನು ಒತ್ತಿ, ಕಾಯಿಸಿ, ಬಡಿದು, ಡೈಗಳ ತೂತಿನಿಂದ ಎಳೆದು ತಂತಿ ಮಾಡುತ್ತಾರೆ. ಎಳೆದಾಗ ಒಳಗಿನ ಹರಳುಗಳು ನಾರಿನಂತೆ ಉದ್ದವಾಗುತ್ತವೆ, ತಂತಿ ಗಟ್ಟಿಯಾಗುತ್ತದೆ. ವಿಪರೀತ ಕಾದರೆ ಆ ನಾರು ಅಳಿದು ಹೊಸ ಹರಳುಗಳು ಬೆಳೆಯುತ್ತವೆ. ಬಿದಿರಿನ ಗೆಣ್ಣಿನ ಹಾಗೆ ತಂತಿಗೆ ಅಡ್ಡಲಾಗಿ ಗಡಿಗಳು ಬೀಳುತ್ತವೆ. ಆ ಗಡಿಯಲ್ಲಿ ಹರಳುಗಳು ಒಂದರ ಮೇಲೊಂದು ಜಾರಿ ತಂತಿ ಜೋಲುತ್ತದೆ, ತೆಳುವಾಗುತ್ತದೆ, ಕೊನೆಗೆ ತುಂಡಾಗುತ್ತದೆ.

ಇದಕ್ಕೆ ಸಿಕ್ಕ ಮದ್ದು ಪೊಟ್ಯಾಸಿಯಂ. ಅಮೆರಿಕದಲ್ಲಿ ಅಲಾಡರ್ ಪಾಜ್ ಎಂಬವರಿಗೆ 1922ರಲ್ಲಿ ಇದರ ಪೇಟೆಂಟ್ ಸಿಕ್ಕಿತು. ಪುಡಿಯಲ್ಲಿ ಚಿಟಿಕೆಯಷ್ಟು ಸೇರಿದ ಪೊಟ್ಯಾಸಿಯಂ ಟಂಗ್‌ಸ್ಟನ್ನಿನಲ್ಲಿ ಬೆರೆಯುವುದಿಲ್ಲ, ಅತಿಸಣ್ಣ ಗುಳ್ಳೆಗಳಾಗಿ ತಂತಿಯ ಉದ್ದಕ್ಕೂ ಸಾಲು ನಿಲ್ಲುತ್ತದೆ. ಹರಳುಗಳು ಅಡ್ಡಡ್ಡ ಬೆಳೆಯಲು ಅವು ಬಿಡುವುದಿಲ್ಲ. ಹೀಗಾಗಿ ಹರಳುಗಳು ಉದ್ದುದ್ದ ಬೆಳೆದು, ಜಡೆಯ ಎಳೆಗಳಂತೆ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಮದ್ದು ಮೊದಲು ಸಿಕ್ಕಿತು. ಗುಳ್ಳೆಗಳು ಕಣ್ಣಿಗೆ ಬಿದ್ದದ್ದು ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಬಂದ ಮೇಲೆ.

ಮೈಸೂರ್ ಲ್ಯಾಂಪ್ಸ್ ಈಗ ಬಲ್ಬು ಮಾಡುತ್ತಿಲ್ಲ, ಮನೆಗಳಿಗೆ ಎಲ್ಇಡಿ ಬಂದಿದೆ. ಆದರೆ ವ್ಯಾಕ್ಯೂಮ್ ಫರ್ನೇಸ್ ನಡೆಸುವ ನಮ್ಮ ಹುಡುಗರಿಗೆ ಈ ತಂತಿಯ ಸಂಗತಿ ಇಂದಿಗೂ ಬೇಕು. ಮಾಲಿಬ್ಡಿನಂ ಕರಗುವುದು 2623 ಡಿಗ್ರಿಗೆ. ಆದರೂ ಗಾಳಿಯಲ್ಲಿ ಕೆಂಪಗೆ ಕಾದರೆ ಸಾಕು, ಅದರ ಆಕ್ಸೈಡ್ ಹೊಗೆಯಾಗಿ ಹಾರಿ ತಂತಿ ಸವೆಯುತ್ತದೆ. ಆದ್ದರಿಂದ ಒಳಗೆ ಪೂರ್ತಿ ತಣಿಯದೆ ಬಾಗಿಲು ತೆಗೆಯಬಾರದು. ಒಮ್ಮೆ ಚೆನ್ನಾಗಿ ಕಾದು ತಣಿದ ಟಂಗ್‌ಸ್ಟನ್ ಅಥವಾ ಮಾಲಿಬ್ಡಿನಂ ತಂತಿ ಗಾಜಿನಂತೆ ಪೆಡಸು. ಅದನ್ನು ಬಗ್ಗಿಸಿ ಸರಿಮಾಡಲು ಹೋದರೆ ಪಟ್ಟೆಂದು ಮುರಿದು ಕಣ್ಣಿಗೆ ಸಿಡಿಯಬಹುದು.

ಮುಂದಿನ ಸಲ ತಂತಿ ತರುವಾಗ ಅಂಗಡಿಯವರನ್ನು ಮೂರು ಮಾತು ಕೇಳಿ: ಎಷ್ಟು ಶಾಖದಲ್ಲಿ, ಎಷ್ಟು ಹೊತ್ತು, ಯಾವ ಅನಿಲದಲ್ಲಿ ಇದು ನಿಲ್ಲುತ್ತದೆ?