ನರಕದಿಂದ ಒಂದು ತಕರಾರು

ಮೂವರು ಅಣ್ಣತಮ್ಮಂದಿರು. ಒಬ್ಬ ಭಕ್ತನಾಗಿ ಬಾಳಿ ಸತ್ತ, ಇನ್ನೊಬ್ಬ ದೇವರನ್ನು ಧಿಕ್ಕರಿಸಿಯೇ ಸತ್ತ, ಕೊನೆಯವನು ಹಸುಳೆಯಾಗಿದ್ದಾಗಲೇ ತೀರಿಕೊಂಡ. ಪರಲೋಕದಲ್ಲಿ ಇವರ ಗತಿಯೇನು? ಸುಮಾರು 1,100 ವರ್ಷಗಳ ಹಿಂದೆ ಇರಾಕಿನ ಬಸ್ರಾದಲ್ಲಿ ಅಬುಲ್ ಹಸನ್ ಅಲ್-ಅಶ್‌ಅರಿ ತಮ್ಮ ಗುರು ಅಲ್-ಜುಬ್ಬಾಯಿಯವರನ್ನು ಹೀಗೆ ಕೇಳಿದರಂತೆ. ಗುರು ಲೆಕ್ಕ ಒಪ್ಪಿಸಿದರು: ಭಕ್ತನಿಗೆ ಸ್ವರ್ಗದಲ್ಲಿ ಉನ್ನತ ಪದವಿ, ಧಿಕ್ಕರಿಸಿದವನಿಗೆ ನರಕ, ಮಗುವಿಗೆ ಶಿಕ್ಷೆಯಿಲ್ಲ, ಆದರೆ ಅಣ್ಣನ ಪದವಿಯೂ ಇಲ್ಲ. ನನಗೂ ಆಯಸ್ಸು ಕೊಟ್ಟಿದ್ದರೆ ಪುಣ್ಯ ಗಳಿಸುತ್ತಿದ್ದೆನಲ್ಲ ಎಂದು ಮಗು ಕೇಳಿದರೆ? ದೊಡ್ಡವನಾದರೆ ನೀನು ಕೆಡುತ್ತಿದ್ದೆ, ನಿನ್ನ ಒಳಿತಿಗೇ ಬೇಗ ಕರೆಸಿಕೊಂಡೆ ಎನ್ನುತ್ತಾನೆ ದೇವರು. ಹಾಗಾದರೆ ನಾನು ಕೆಡುವುದೂ ನಿನಗೆ ಗೊತ್ತಿತ್ತಲ್ಲ, ನನ್ನನ್ನೇಕೆ ಬೆಳೆಯಲು ಬಿಟ್ಟೆ ಎಂದು ನರಕದಿಂದ ನಡುವಿನವನು ತಕರಾರು ತೆಗೆದರೆ? ಗುರು ಸುಮ್ಮನಾದರು, ಶಿಷ್ಯ ಅಶ್‌ಅರಿ ಗುರುವಿನ ಪಂಥವನ್ನೇ ಬಿಟ್ಟರು.

ಈ ಸಂವಾದ ನಡೆದದ್ದೇ ಅನುಮಾನ ಎನ್ನುವ ಇತಿಹಾಸಕಾರರಿದ್ದಾರೆ. ಗೆದ್ದ ಅಶ್‌ಅರಿಯ ಕಡೆಯವರು ಹೇಳಿಕೊಂಡು ಬಂದ ಕತೆಯಾದ್ದರಿಂದ ಆ ಅನುಮಾನಕ್ಕೆ ಅರ್ಥವಿದೆ. ಆದರೆ ಜಗಳ ನಿಜ. ಜುಬ್ಬಾಯಿಯವರ ಮುಅತಝಿಲಾ ಪಂಥದವರು ತಮ್ಮನ್ನು ನ್ಯಾಯ ಮತ್ತು ಏಕತ್ವದ ಜನ ಎಂದು ಕರೆದುಕೊಂಡವರು. ಒಳಿತು ಕೆಡುಕುಗಳನ್ನು ಬುದ್ಧಿಯೇ ಗುರುತಿಸಬಲ್ಲದು, ದೇವರು ಅನ್ಯಾಯ ಮಾಡಲಾರ, ಮನುಷ್ಯನ ಕೃತ್ಯ ಮನುಷ್ಯನದೇ. ಇಲ್ಲದಿದ್ದರೆ ಶಿಕ್ಷೆಗೆ ನ್ಯಾಯವೆಲ್ಲಿ ಎಂಬುದು ಅವರ ಪಟ್ಟು.

ಅಶ್‌ಅರಿ ಪಂಥ ಬುಡಕ್ಕೇ ಕೈಹಾಕಿತು. ಅನ್ಯಾಯ ಎಂದರೆ ಪರರ ಸೊತ್ತಿನ ಮೇಲೆ ಕೈಮಾಡುವುದು. ಎಲ್ಲವೂ ದೇವರದೇ ಆಗಿರುವಾಗ ಪರರ ಸೊತ್ತು ಯಾವುದು? ಅವನು ಆಜ್ಞಾಪಿಸಿದ್ದೇ ಒಳಿತು. ಲೆಕ್ಕ ಕೊಡಬೇಕಾದವರು ಮನುಷ್ಯರು, ಅವನಲ್ಲ. ಇದಕ್ಕೆ ಕುರ್‌ಆನಿನ 21ನೇ ಅಧ್ಯಾಯದ ಆಧಾರವೂ ಉಂಟು. ಕೃತ್ಯವನ್ನು ಸೃಷ್ಟಿಸುವವನೂ ದೇವರೇ, ಮನುಷ್ಯ ಅದನ್ನು ತನ್ನದಾಗಿಸಿಕೊಳ್ಳುತ್ತಾನೆ ಅಷ್ಟೆ. ಆ 'ಅಷ್ಟೆ'ಯಲ್ಲಿ ಅವನ ಹೊಣೆ ಹೇಗೆ ಉಳಿಯುತ್ತದೆಂದು ವಿವರಿಸುವಷ್ಟರಲ್ಲಿ ಘಟಾನುಘಟಿಗಳೂ ಬೆವರಿದ್ದಾರೆ. ನನಗಂತೂ ಇಲ್ಲಿ ನರಕದವನ ತಕರಾರಿಗೆ ಉತ್ತರ ಸಿಕ್ಕಂತೆ ಕಾಣುವುದಿಲ್ಲ, ಅರ್ಜಿಯನ್ನೇ ತಳ್ಳಿಹಾಕಿದಂತೆ ಕಾಣುತ್ತದೆ.

ದೇವರು ಪಕ್ಷಪಾತಿಯೇ, ನಿರ್ದಯನೇ ಎಂಬ ಆಕ್ಷೇಪವನ್ನು ಬ್ರಹ್ಮಸೂತ್ರವೂ ಎತ್ತಿಕೊಂಡಿದೆ. ಅಲ್ಲಿ ಜೀವರ ಹಿಂದಿನ ಜನ್ಮಗಳ ಕರ್ಮ ನೆರವಿಗೆ ಬರುತ್ತದೆ. ಇಸ್ಲಾಮಿನಲ್ಲಿ ಆ ಹಳೆಯ ಖಾತೆಯಿಲ್ಲ, ಇರುವುದೊಂದೇ ಬಾಳು. ಹಾಗಾಗಿ ಸತ್ತ ಮಗು ಅಲ್ಲಿನ ಚಿಂತಕರನ್ನು ಅಷ್ಟು ಕಾಡಿತು.

ಅಶ್‌ಅರಿಗಳ ದೇವರು ನಿರಂಕುಶ ದೊರೆ ಎನ್ನುವುದೂ ಅರ್ಧ ಮಾತೇ. ಕರುಣೆಯನ್ನು ಅವನು ತನ್ನ ಮೇಲೆ ತಾನೇ ವಿಧಿಸಿಕೊಂಡಿದ್ದಾನೆ ಎನ್ನುತ್ತದೆ ಕುರ್‌ಆನಿನ 6ನೇ ಅಧ್ಯಾಯ. ಅವನಿಗೆ ಯಾರ ಋಣವೂ ಇಲ್ಲ, ಆದರೆ ಕೊಟ್ಟ ಮಾತಿಗೆ ತಪ್ಪುವವನಲ್ಲ. ಸಮರ್ಕಂದದ ಅಲ್-ಮಾತುರೀದಿ ಬೇರೊಂದು ದಾರಿ ತೆರೆದರು: ಒಳಿತನ್ನು ಬುದ್ಧಿ ಅರಿಯಬಲ್ಲದು, ದೇವರ ಕೆಲಸದಲ್ಲಿ ವಿವೇಕ ಇದ್ದೇ ಇರುತ್ತದೆ, ಆದರೂ ಅವನನ್ನು ಕಟ್ಟಿಹಾಕುವ ಬಾಧ್ಯತೆ ಯಾವುದೂ ಇಲ್ಲ.

ಸೋತ ಪಂಥದ ಒಂದು ವಾದ ಮಾತ್ರ ನನಗೆ ಬಲು ಇಷ್ಟ. 1025ರಲ್ಲಿ ತೀರಿಕೊಂಡ ಮುಅತಝಿಲಾ ನ್ಯಾಯಾಧೀಶ ಅಬ್ದುಲ್ ಜಬ್ಬಾರ್ 'ಅಲ್-ಮುಗ್ನಿ' ಎಂಬ ಬೃಹದ್ಗ್ರಂಥದಲ್ಲಿ ನೋವಿನ ಲೆಕ್ಕವನ್ನು ಪಟ್ಟುಹಿಡಿದು ವಿಚಾರಿಸುತ್ತಾರೆ. ಪಾಪವನ್ನೇ ಅರಿಯದ ಪ್ರಾಣಿಯ ನೋವನ್ನು ಶಿಕ್ಷೆ ಎನ್ನುವಂತಿಲ್ಲ. ಆದ್ದರಿಂದ ಅದಕ್ಕೂ ಪರಲೋಕದಲ್ಲಿ ಪರಿಹಾರ ಸಲ್ಲಲೇಬೇಕು, ಸಲ್ಲಿಸುವುದು ದೇವರ ಕರ್ತವ್ಯ. ಅಶ್‌ಅರಿಗಳಿಗೆ ಆ 'ಕರ್ತವ್ಯ'ವೇ ಅಪಥ್ಯ. ಆ ಗ್ರಂಥದ ಹಲವು ಸಂಪುಟಗಳು 1950ರ ದಶಕದಲ್ಲಿ ಯೆಮನ್‌ನಲ್ಲಿ ಪತ್ತೆಯಾದವು, ಅಲ್ಲಿನ ಝೈದಿ ಪಂಥದ ವಿದ್ವಾಂಸರು ಜತನ ಮಾಡಿದ್ದ ಹಸ್ತಪ್ರತಿಗಳಾಗಿ. ಕೈರೋದಲ್ಲಿ ಅಚ್ಚಾದ ಸಂಪುಟಗಳಲ್ಲಿ ನೋವು ಮತ್ತು ಪರಿಹಾರದ ಭಾಗವೂ ಸೇರಿದೆ.