ಬೋರ್ಡು ಸುಟ್ಟ ಮೇಲೆ

ಮಿಕ್ಸಿಯ ಕಾರ್ಬನ್ ಬ್ರಷ್ ಸವೆದರೆ, ಕಪ್ಲರ್ ಮುರಿದರೆ ಮಲೆನಾಡಿನ ಪೇಟೆಗಳ ರಿಪೇರಿಗಾರರು ಇಂದಿಗೂ ಕುಳಿತಲ್ಲೇ ಸರಿಪಡಿಸಿಕೊಡುತ್ತಾರೆ. ಸಿಡಿಲಿಗೆ ವಾಷಿಂಗ್ ಮೆಷಿನ್ನಿನ ಸರ್ಕ್ಯೂಟ್ ಬೋರ್ಡು ಸುಟ್ಟರೆ ಮಾತ್ರ ಅವರ ಕೈ ಕಟ್ಟಿದಂತಾಗುತ್ತದೆ. ಕೆಟ್ಟಿರುವುದು ಒಂದು ಸಣ್ಣ ಬಿಡಿಭಾಗವೇ ಇರಬಹುದು. ಆದರೆ ತೇವ ತಾಗದಿರಲೆಂದು ಸುರಿದ ಅಂಟು ಅದನ್ನು ಮುಚ್ಚಿರುತ್ತದೆ, ಸರ್ಕ್ಯೂಟಿನ ನಕ್ಷೆ ಕಂಪನಿಯ ಬಳಿಯೇ ಉಳಿದಿರುತ್ತದೆ. ಇಡೀ ಬೋರ್ಡಿನ ಬೆಲೆ ಕೇಳಿದವರು ಹೊಸ ಯಂತ್ರವನ್ನೇ ಕೊಳ್ಳುತ್ತಾರೆ. ಹಳೆಯದು ಗುಜರಿಗೆ, ಗುಜರಿಯವರೂ ಒಯ್ಯದ ಪ್ಲಾಸ್ಟಿಕ್ಕು ಹಳ್ಳದ ದಂಡೆಗೆ.

2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು ‘ದುರಸ್ತಿಯ ಹಕ್ಕಿ’ಗಾಗಿ ಸಮಿತಿ ರಚಿಸಿತು. ಅದೇ ಡಿಸೆಂಬರಿನಲ್ಲಿ ಜಾಲತಾಣವೂ ಬಂತು. ಜಾಲತಾಣದಿಂದ ಬೋರ್ಡು ಸರಿಹೋಗದು. ಬಿಡಿಭಾಗವನ್ನೂ ನಕ್ಷೆಯನ್ನೂ ಹೊರಗಿನ ರಿಪೇರಿಗಾರರಿಗೆ ಕೊಡಲೇಬೇಕೆಂಬ ಕಾನೂನು ಬೇಕು. ಅದು ಇನ್ನೂ ಬಂದಿಲ್ಲ.