ಕುಕ್ಕರ್ ತರ 3 ಸಲ ಕೂಗುತ್ತೆ ಕಣೋ

"ಕಂಪ್ಯೂಟರ್ ಆನ್ ಆಗ್ತಿಲ್ಲ ಕಣೋ. ಸ್ಕ್ರೀನ್ ಕಪ್ಪಗೇ ಇದೆ. ಬಟನ್ ಒತ್ತಿದ್ರೆ ಕುಕ್ಕರ್ ತರ 3 ಸಲ ಕೂಗುತ್ತೆ, ಅಷ್ಟೇ."

ಕಳೆದ ಸೆಮ್‌ನಲ್ಲಿ ಇಂಟರ್ನಲ್ಸ್ ನಡೀತಿದ್ದಾಗ ಅಮ್ಮ ತಿಪಟೂರಿಂದ ಫೋನ್ ಮಾಡಿ ಹೇಳಿದ ಮೊದಲ ಮಾತು ಇದು. ನಾನು ಹಾಸ್ಟೆಲ್‌ನಲ್ಲಿ ಲ್ಯಾಬ್ ರೆಕಾರ್ಡ್ ಬರೀತಾ ಕೂತಿದ್ದೆ. "ರೀಸ್ಟಾರ್ಟ್ ಮಾಡಮ್ಮ" ಅಂದೆ. ಮಾಡಿದ್ರು. "ಇನ್ನೊಂದ್ಸಲ ಮಾಡು" ಅಂದೆ. ಅದನ್ನೂ ಮಾಡಿದ್ರು. "ಹಾಗಾದ್ರೆ ಕಸ್ಟಮರ್ ಕೇರ್‌ಗೆ ಫೋನ್ ಮಾಡು, ವಾರಂಟಿ ಇನ್ನೂ ಇದೆ" ಅಂತ ಹೇಳಿ ಇಟ್ಟುಬಿಟ್ಟೆ.

ಅಮ್ಮ ಸರ್ಕಾರಿ ಪ್ರೈಮರಿ ಸ್ಕೂಲ್ ಟೀಚರ್. ಮಕ್ಕಳ ಮಾಹಿತಿಯನ್ನೆಲ್ಲ ಎಸ್‌ಎಟಿಎಸ್‌ನಲ್ಲಿ ತುಂಬೋ ಕೆಲಸ ರಾತ್ರಿ ಅಡುಗೆ ಮುಗಿಸಿ ಮನೆಯಲ್ಲೇ ಮಾಡ್ತಾರೆ. ಆ ವಾರ ಎಂಟ್ರಿಗೆ ಕೊನೇ ದಿನ ಹತ್ತಿರ ಬಂದಿತ್ತು.

ಕಸ್ಟಮರ್ ಕೇರ್‌ನಲ್ಲಿ "ಕನ್ನಡಕ್ಕೆ 4 ಒತ್ತಿ" ಅಂತ ರೆಕಾರ್ಡಿಂಗ್ ಬಂತಂತೆ. 4 ಒತ್ತಿ 20 ನಿಮಿಷ ಮ್ಯೂಸಿಕ್ ಕೇಳಿದ ಮೇಲೆ ಸಿಕ್ಕವರು ಮಾತು ಶುರು ಮಾಡಿದ್ದು ಹಿಂದಿಯಲ್ಲಿ. ಅಮ್ಮ ತಮಗೆ ಬರೋ ಇಂಗ್ಲಿಷ್‌ನಲ್ಲಿ ಎಲ್ಲಾ ಹೇಳಿದ್ರು, 3 ಸಲ ಕೂಗೋದನ್ನೂ ಸೇರಿಸಿ. ಬಂದ ಉತ್ತರ ಏನು ಗೊತ್ತಾ? ಸ್ಟಾರ್ಟ್ ಮೆನುಗೆ ಹೋಗಿ, ಸೆಟ್ಟಿಂಗ್ಸ್ ಓಪನ್ ಮಾಡಿ, ಅಪ್‌ಡೇಟ್ ಇದ್ಯಾ ನೋಡಿ. ಸ್ಕ್ರೀನೇ ಬರದಿರೋ ಕಂಪ್ಯೂಟರ್‌ನಲ್ಲಿ ಸ್ಟಾರ್ಟ್ ಮೆನು ಎಲ್ಲಿಂದ ತರೋದು?

4 ದಿನದಲ್ಲಿ 3 ಕಾಲ್. ಪ್ರತಿ ಸಲ ಹೊಸಬರು, ಪ್ರತಿ ಸಲ ಮೊದಲಿಂದ ಕಥೆ. ಕೊನೆಗೆ ಒಂದು ಮೆಸೇಜ್: ನಿಮ್ಮ ಸಮಸ್ಯೆ ಬಗೆಹರಿದಿದೆ, ದಯವಿಟ್ಟು ರೇಟಿಂಗ್ ಕೊಡಿ.

ಅವತ್ತು ರಾತ್ರಿ ಅಮ್ಮ, "ನಂಗೆ ಇದೆಲ್ಲ ಗೊತ್ತಾಗಲ್ಲ ಬಿಡಪ್ಪ, ವಯಸ್ಸಾಯ್ತು" ಅಂದ್ರು. ಎಂಟ್ರಿ ಕೆಲಸವನ್ನ ಬಸ್‌ಸ್ಟ್ಯಾಂಡ್ ಹತ್ತಿರದ ಸೈಬರ್ ಸೆಂಟರ್‌ನಲ್ಲಿ ಕೂತು ಮುಗಿಸಿ ಬಂದಿದ್ರು. ಎಷ್ಟೋ ವರ್ಷದಿಂದ ಮಕ್ಕಳಿಗೆ ಅಕ್ಷರ ಕಲಿಸ್ತಿರೋ ಹೆಂಗಸು ತಾನೇ ದಡ್ಡಿ ಅಂದ್ಕೊಂಡುಬಿಟ್ಟಿದ್ರು.

ಶನಿವಾರ ರೈಲು ಹತ್ತಿ ಊರಿಗೆ ಹೋದೆ. ಬಟನ್ ಒತ್ತಿದೆ. ಬೀಪ್, ಬೀಪ್, ಬೀಪ್. ನಾಚಿಕೆಯಾಯ್ತು.

ಕಂಪ್ಯೂಟರ್ ಆನ್ ಮಾಡಿದ ತಕ್ಷಣ, ಆಪರೇಟಿಂಗ್ ಸಿಸ್ಟಮ್ ಲೋಡ್ ಆಗೋ ಮುಂಚೆಯೇ, ಬಯೋಸ್ ಒಂದು ಟೆಸ್ಟ್ ಮಾಡುತ್ತೆ. ಅದರ ಹೆಸರು ಪೋಸ್ಟ್, ಅಂದ್ರೆ ಪವರ್ ಆನ್ ಸೆಲ್ಫ್ ಟೆಸ್ಟ್. ರ‍್ಯಾಮ್, ಗ್ರಾಫಿಕ್ಸ್ ಎಲ್ಲಾ ಸರಿಯಾಗಿದ್ಯಾ ಅಂತ ಆಗ ನೋಡ್ಕೊಳ್ಳುತ್ತೆ. ಏನಾದ್ರೂ ಕೆಟ್ಟಿದ್ರೆ ಸ್ಕ್ರೀನ್‌ನಲ್ಲಿ ಹೇಳೋಕೆ ಸ್ಕ್ರೀನೇ ಇನ್ನೂ ಬಂದಿರಲ್ಲ. ಅದಕ್ಕೇ ಒಳಗಿರೋ ಪುಟ್ಟ ಸ್ಪೀಕರ್‌ನಲ್ಲಿ ಕೂಗುತ್ತೆ. ಎಷ್ಟು ಸಲ ಕೂಗಿದ್ರೆ ಏನರ್ಥ ಅನ್ನೋದು ಕಂಪನಿಯಿಂದ ಕಂಪನಿಗೆ ಬೇರೆ. ನಮ್ಮನೆ ಮಾಡೆಲ್‌ನ ಮ್ಯಾನುಯಲ್ ಪ್ರಕಾರ 3 ಸಲ ಅಂದ್ರೆ ರ‍್ಯಾಮ್ ತೊಂದರೆ.

ರ‍್ಯಾಮ್ ತೆಗೆದ್ರೆ ವಾರಂಟಿ ಹೋಗಲ್ಲ ಅಂತ ಖಾತ್ರಿ ಮಾಡ್ಕೊಂಡು, ಪ್ಲಗ್ ಕಿತ್ತು, ಪಕ್ಕದ ಬಾಗಿಲು ಬಿಚ್ಚಿದೆ. ಒಳಗೆ ಬರೀ ಧೂಳು. ರ‍್ಯಾಮ್ ತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನ ಅಮ್ಮನ ಪೆನ್ಸಿಲ್ ಡಬ್ಬಿಯ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಕ್ಲಿಪ್ ಟಕ್ ಅನ್ನೋವರೆಗೂ ಒತ್ತಿ ಕೂರಿಸಿದೆ. ಕಂಪ್ಯೂಟರ್ ಆನ್ ಆಯ್ತು. 10 ನಿಮಿಷದ ಕೆಲಸ. ಅದಕ್ಕೆ ಬೇಕಾಗಿದ್ದ ಮಾಹಿತಿಯನ್ನ ಅಮ್ಮ ಮೊದಲನೇ ದಿನವೇ ಕೊಟ್ಟಿದ್ರು.

ಕಸ್ಟಮರ್ ಕೇರ್‌ನವರನ್ನ ಬೈಯೋದು ಸುಲಭ. ಮೊದಲು ಫೋನ್ ಎತ್ತೋರನ್ನ ಎಲ್1 ಅಂತಾರೆ. ಅವರ ಮುಂದೆ ಒಂದು ಸ್ಕ್ರಿಪ್ಟ್ ಇರುತ್ತೆ, ಒಂದು ಕಾಲ್‌ಗೆ ಸರಾಸರಿ ಎಷ್ಟು ಹೊತ್ತು ತಗೊಂಡ್ರು ಅಂತ ಲೆಕ್ಕ ಇಡ್ತಾರೆ. ಸ್ಕ್ರಿಪ್ಟ್ ಇರೋದೇನೂ ತಪ್ಪಲ್ಲ. ರೀಸ್ಟಾರ್ಟ್ ಮಾಡಿದ್ರೆ ಎಷ್ಟೋ ತೊಂದರೆ ನಿಜವಾಗ್ಲೂ ಹೋಗುತ್ತೆ, ಯಾಕಂದ್ರೆ ಸಿಕ್ಕಿಹಾಕ್ಕೊಂಡಿದ್ದ ಪ್ರೋಗ್ರಾಂಗಳೆಲ್ಲ ಹೊಸದಾಗಿ ಶುರುವಾಗುತ್ತವೆ. ಆದ್ರೆ ಗ್ರಾಹಕರು ಹೇಳಿದ್ದನ್ನ ಬರ್ಕೊಂಡು ಮುಂದಿನವರಿಗೆ ದಾಟಿಸದ ಸ್ಕ್ರಿಪ್ಟ್ ಯಾರಿಗೂ ಉಪಯೋಗ ಇಲ್ಲ.

ಅವರಿಗಾದ್ರೂ ಸ್ಕ್ರಿಪ್ಟ್ ಇತ್ತು, ಟಾರ್ಗೆಟ್ ಇತ್ತು. ನನಗೇನಿತ್ತು? ಅವರು ಹೇಳಿದ್ದನ್ನೇ ನಾನೂ ಹೇಳಿದ್ದೆ, ಅದೂ ಎಲ್ಲರಿಗಿಂತ ಮೊದಲು.

ಇಂಜಿನಿಯರಿಂಗ್ ಸೇರಿದ ದಿನದಿಂದ ನಾವೆಲ್ಲ ನಮ್ಮ ನಮ್ಮ ಮನೆಯ ಟೆಕ್ ಸಪೋರ್ಟ್. ಅಪ್ಪ ಅಮ್ಮನಿಗೆ ರ‍್ಯಾಮ್, ಬಯೋಸ್ ಅನ್ನೋ ಪದ ಬರದೇ ಇರಬಹುದು. ಆದ್ರೆ ಕಣ್ಣಿಗೆ ಕಂಡಿದ್ದು, ಕಿವಿಗೆ ಕೇಳಿದ್ದನ್ನ ಅವರು ಸರಿಯಾಗೇ ಹೇಳ್ತಾರೆ. "ಫ್ಯಾನ್ ಜೋರಾಗಿ ಸದ್ದು ಮಾಡಿ ತಾನೇ ಆಫ್ ಆಗುತ್ತೆ" ಅಂದ್ರೆ ಸಿಪಿಯು ಬಿಸಿಯಾಗ್ತಿರಬಹುದು. "ಯಾವ ವೆಬ್‌ಸೈಟ್ ತೆಗೆದ್ರೂ ಸೇಫ್ ಅಲ್ಲ ಅನ್ನುತ್ತೆ, ತಾರೀಕು ಬೇರೆ ತಪ್ಪು ತೋರಿಸ್ತಿದೆ" ಅಂದ್ರೆ ಮದರ್‌ಬೋರ್ಡ್‌ನ ಸಣ್ಣ ಸೆಲ್ ಮುಗಿದಿರಬಹುದು. ತಾರೀಕು ತಪ್ಪಿದ್ರೆ ಬ್ರೌಸರ್‌ಗೆ ಸರ್ಟಿಫಿಕೇಟ್ ಮೇಲೆ ನಂಬಿಕೆ ಬರಲ್ಲ. ಆ ಸೆಲ್‌ಗಿಂತ ನಾವು ಆಫ್ ಆಗಿ 4 ದಿನ ಹಾಳು ಮಾಡೋದೇ ದುಬಾರಿ.

ಅದಕ್ಕೇ ನನ್ನ ಮಾತು ಇಷ್ಟೇ. ಮನೆಯಿಂದ ಫೋನ್ ಬಂದಾಗ ರೀಸ್ಟಾರ್ಟ್ ಅನ್ನೋ ಮೊದಲು 2 ನಿಮಿಷ ಸುಮ್ನೆ ಕೇಳಿ. ಏನು ಕಾಣ್ತಿದೆ, ಏನು ಸದ್ದು ಬರ್ತಿದೆ, ಕೆಡೋ ಮುಂಚೆ ಏನು ಬದಲಾಯ್ತು, ಈ 3 ಪ್ರಶ್ನೆ ಹಾಕಿ. ನಾಳೆ ನಮ್ಮಲ್ಲೇ ಎಷ್ಟೋ ಜನ ಸಪೋರ್ಟ್ ಪ್ರಾಜೆಕ್ಟ್‌ಗಳಲ್ಲಿ ಕೂತು ಯಾರದೋ ಅಮ್ಮನ ಕಾಲ್ ಎತ್ತಬೇಕಾಗುತ್ತೆ. ಅಭ್ಯಾಸ ಈಗಲೇ ಆಗ್ಲಿ.

ಹೋದ ವಾರ ಅಮ್ಮ ಮತ್ತೆ ಫೋನ್ ಮಾಡಿದ್ರು. ಪ್ರಿಂಟರ್‌ನಲ್ಲಿ ಕಿತ್ತಳೆ ಬಣ್ಣದ ದೀಪ ಮಿಣುಕುತ್ತಿದೆಯಂತೆ. "ಎಷ್ಟು ಸಲ ಮಿಣುಕುತ್ತೆ ನೋಡಮ್ಮ" ಅಂದೆ.

"5 ಸಲ. ಎಣಿಸ್ಕೊಂಡೇ ಫೋನ್ ಮಾಡಿದ್ದು" ಅಂದ್ರು.